ವಿಕೇಂದ್ರಿತ ಚಾಟ್ ಮತ್ತು ಸೋಷಿಯಲ್ ಆ್ಯಪ್‌ಗಳಿಗೆ ಎನ್‌ಕ್ರಿಪ್ಟೆಡ್ ಫೈಲ್ ಸ್ಟೋರೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸ್ವಂತ ಮ್ಯಾಟ್ರಿಕ್ಸ್ ಅಥವಾ ಎಕ್ಸ್‌ಎಂಪಿಪಿ (ಯಾರು ಬೇಕಾದರೂ ತಮ್ಮದೇ ಸರ್ವರ್ ಇಡಬಹುದಾದ ಚಾಟ್ ವ್ಯವಸ್ಥೆಗಳು) ಸರ್ವರ್ ನಡೆಸುವ ಅಪಾರ್ಟ್‌ಮೆಂಟ್ ಸಂಘಗಳು, ಕಾರ್ಮಿಕ ಸಂಘಟನೆಗಳು, ಕಾಲೇಜು ಬಳಗಗಳು ಮತ್ತು ಇಂಥ ಆ್ಯಪ್ ಕಟ್ಟುತ್ತಿರುವ ಸಣ್ಣ ತಂಡಗಳಿಗಾಗಿ ಈ ಪುಟ. ಲಿನಕ್ಸ್ ಸರ್ವರ್ ಒಂದನ್ನು ನಡೆಸಿದ ಅನುಭವ ಇದೆ ಎಂದುಕೊಂಡು ಬರೆದಿದೆ.

ಪ್ರಶ್ನೆ: ಆ್ಯಪ್ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಅಂದಮೇಲೆ ಫೈಲ್ ಎಲ್ಲಿದ್ದರೇನು?

ಎಂಡ್-ಟು-ಎಂಡ್ ಎಂದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ಬಿಡಿಸಬಲ್ಲ ಗುಟ್ಟು. ಆದರೆ ಸಂದೇಶದ ದಾರಿ ಬೇರೆ, ಫೈಲಿನ ದಾರಿ ಬೇರೆ. "ನೀರಿನ ಟ್ಯಾಂಕರ್ ಬಂತಾ" ಎಂಬ ಸಂದೇಶ ನೂರು ಬೈಟ್ ಕೂಡ ಇರುವುದಿಲ್ಲ. 40 ಎಂಬಿ ವಿಡಿಯೊ ಅದೇ ದಾರಿಯಲ್ಲಿ ಹೋಗದು. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳೂ ಮಾಡುವುದು ಇಷ್ಟು: ಫೋನ್ ಆ ಫೈಲಿಗೆಂದೇ ಹೊಸ ಕೀ ಹುಟ್ಟಿಸುತ್ತದೆ, ಫೈಲನ್ನು ಅದರಿಂದ ಎನ್‌ಕ್ರಿಪ್ಟ್ ಮಾಡಿ ಸರ್ವರ್‌ಗೆ ಏರಿಸುತ್ತದೆ, ಆಮೇಲೆ ವಿಳಾಸ, ಕೀ, ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡುವ ಗುರುತು) ಮೂರನ್ನೂ ಎನ್‌ಕ್ರಿಪ್ಟ್ ಆದ ಸಂದೇಶದೊಳಗಿಟ್ಟು ಕಳಿಸುತ್ತದೆ.

ಇದರಿಂದ ಒಂದೇ ಫೈಲಿಗೆ ಎರಡು ಆಯಸ್ಸು ಬರುತ್ತದೆ. ಕೀ ಬದುಕುವುದು ಚಾಟ್ ಇತಿಹಾಸದಲ್ಲಿ, ಎನ್‌ಕ್ರಿಪ್ಟ್ ಆದ ಬೈಟ್‌ಗಳು ಬದುಕುವುದು ಸ್ಟೋರೇಜ್‌ನಲ್ಲಿ. ಕೀ ಹೋಗಿ ಬೈಟ್ ಉಳಿದರೆ, ಯಾರಿಗೂ ತೆರೆಯಲಾಗದ ಕಸಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೀರಿ. ಬೈಟ್ ಹೋಗಿ ಕೀ ಉಳಿದರೆ, ಚಾಟ್‌ನಲ್ಲಿ ಬೂದು ಚೌಕವೊಂದು ಕಾಣುತ್ತದೆ, ಸದಸ್ಯರು ಫೋನ್ ಮಾಡುತ್ತಾರೆ. ಎರಡೂ ಬೇಕಾದ್ದಕ್ಕಿಂತ ಹೆಚ್ಚು ಕಾಲ ಉಳಿದರೆ, ಮುಂದೆಂದೋ ಒಂದು ಕೀ ಸೋರಿದ ದಿನ ಹಳೆಯದೆಲ್ಲ ಬಯಲಾಗುತ್ತದೆ. ಸ್ಟೋರೇಜ್ ಆರಿಸುವಾಗ ಮೊದಲು ಕೇಳಬೇಕಾದ್ದು "ಎಷ್ಟು ಜಿಬಿ" ಎಂದಲ್ಲ, "ಎಷ್ಟು ದಿನ, ಮತ್ತು ಅಳಿಸುವವರು ಯಾರು" ಎಂದು.

ಪ್ರಶ್ನೆ: ಸ್ಟೋರೇಜ್ ಕಂಪನಿಯವರೇ "ಎಇಎಸ್-256 ಎನ್‌ಕ್ರಿಪ್ಷನ್ ಇದೆ" ಎನ್ನುತ್ತಾರೆ. ಸಾಲದೇ?

ಸಾಲದು. ಅದು ಡಿಸ್ಕ್ ಕಳವಾದರೆ ಕಾಪಾಡುತ್ತದೆ, ಅಷ್ಟೆ. ಕೀ ಅವರ ಬಳಿಯೇ ಇರುವುದರಿಂದ ಅವರ ಸಿಬ್ಬಂದಿ, ಅವರ ಮೇಲೆ ಆದೇಶ ತರಬಲ್ಲವರು, ನಿಮ್ಮ ಆಕ್ಸೆಸ್ ಕೀ ಕದ್ದವರು ಎಲ್ಲರಿಗೂ ಫೈಲ್ ಬಿಡಿಸಿದ ರೂಪದಲ್ಲೇ ಸಿಗುತ್ತದೆ. ನೀವೇ ಪರೀಕ್ಷಿಸಿ: ಆ್ಯಪ್‌ನಿಂದ ಒಂದು ಚಿತ್ರ ಕಳಿಸಿ, ಸ್ಟೋರೇಜ್‌ನ ವೆಬ್ ಪುಟದಿಂದ ಅದನ್ನು ನೇರ ಇಳಿಸಿಕೊಂಡು ತೆರೆಯಿರಿ. ಚಿತ್ರ ಕಂಡರೆ ಅಲ್ಲಿ ಎಂಡ್-ಟು-ಎಂಡ್ ಏನೂ ಇಲ್ಲ.

ಪ್ರಶ್ನೆ: ಯಾವ ಆ್ಯಪ್ ಫೈಲನ್ನು ಹೇಗೆ ಇಡುತ್ತದೆ?

ಮ್ಯಾಟ್ರಿಕ್ಸ್: ಎನ್‌ಕ್ರಿಪ್ಟೆಡ್ ರೂಮಿನಲ್ಲಿ ಫೈಲನ್ನು ಎಇಎಸ್-256 ಸಿಟಿಆರ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ, ಕೀ ಮತ್ತು ಎಸ್‌ಎಚ್‌ಎ-256 ಹ್ಯಾಶ್ ಎರಡನ್ನೂ ಸಂದೇಶದೊಳಗೆ ಕಳಿಸುತ್ತದೆ. ಹ್ಯಾಶ್ ಹೊಂದದಿದ್ದರೆ ಕ್ಲೈಂಟ್ (ಬಳಕೆದಾರರ ಕೈಯಲ್ಲಿರುವ ಆ್ಯಪ್) ಫೈಲನ್ನು ತಿರಸ್ಕರಿಸಬೇಕು. 2024ರ 1.11 ಆವೃತ್ತಿಯಿಂದ ಮೀಡಿಯಾ ಇಳಿಸಲೂ ಲಾಗಿನ್ ಬೇಕು. ಅದಕ್ಕೂ ಮೊದಲು ವಿಳಾಸ ಗೊತ್ತಿದ್ದ ಯಾರು ಬೇಕಾದರೂ ಇಳಿಸಬಹುದಿತ್ತು. ಬೇರೆ ಚಾಟ್‌ಗಳಿಗೆ ಕೊಂಡಿಯಾಗುವ ಹಳೆಯ ಬ್ರಿಡ್ಜ್‌ಗಳು ಚಿತ್ರ ತೋರಿಸದೇ ಹೋಗಲು ಬಹಳ ಸಲ ಇದೇ ಕಾರಣ.

ಎಕ್ಸ್‌ಎಂಪಿಪಿ: ಎಚ್‌ಟಿಟಿಪಿ ಅಪ್‌ಲೋಡ್ ಮೂಲಕ ಏರಿಸಿ, ಒಮೆಮೊ (ಎಕ್ಸ್‌ಎಂಪಿಪಿಯ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್) ಸಂದೇಶದೊಳಗೆ ವಿಳಾಸ ಕಳಿಸುತ್ತದೆ. 12 ಬೈಟ್ ಐವಿ (ಕೀ ಜೊತೆ ಬೇಕಾಗುವ ಆರಂಭಿಕ ಸಂಖ್ಯೆ) ಮತ್ತು 32 ಬೈಟ್ ಕೀ ವಿಳಾಸದ # ಚಿಹ್ನೆಯ ನಂತರ 88 ಹೆಕ್ಸ್ ಅಕ್ಷರಗಳಾಗಿ ಕೂರುತ್ತವೆ. ಆ ಚಿಹ್ನೆಯ ನಂತರದ್ದು ಸರ್ವರ್‌ಗೆ ಹೋಗುವುದಿಲ್ಲ, ಅದೇ ಇದರ ಜಾಣ್ಮೆ. ಆದರೆ ಇಡೀ ವಿಳಾಸವನ್ನು ಕಾಪಿ ಮಾಡಿ ಬೇರೆ ಆ್ಯಪ್‌ಗೆ ಅಂಟಿಸಿದರೆ ಕೀಯೂ ಜೊತೆಗೇ ಹೊರಟಿತು. ಪ್ರೊಸೊಡಿ ಸರ್ವರ್‌ನ ಡೀಫಾಲ್ಟ್ ಮಿತಿ ಫೈಲಿಗೆ 10 ಎಂಬಿ, ಆಯಸ್ಸು ಒಂದು ವಾರ. ನಮ್ಮ ದೃಷ್ಟಿಯಲ್ಲಿ ಇದು ಸಣ್ಣ ಗುಂಪಿಗೆ ಒಳ್ಳೆಯ ಡೀಫಾಲ್ಟ್. ಎಲ್ಲರೂ ಮೊದಲು ಮಾಡುವುದು ಅದನ್ನೇ ಬದಲಿಸುವುದು!

ನಾಸ್ಟರ್: ಇದರ ಫೈಲುಗಳನ್ನು ಇಡುವ ಬ್ಲಾಸಮ್ ಸರ್ವರ್‌ಗಳಲ್ಲಿ ಫೈಲಿನ ಎಸ್‌ಎಚ್‌ಎ-256 ಹ್ಯಾಶೇ ಅದರ ಹೆಸರು. ಖಾಸಗಿ ಸಂದೇಶದ ಫೈಲನ್ನು ಎಇಎಸ್-ಜಿಸಿಎಂನಿಂದ ಎನ್‌ಕ್ರಿಪ್ಟ್ ಮಾಡಿ ಕೀಯನ್ನು ಸಂದೇಶದಲ್ಲಿ ಕಳಿಸುತ್ತಾರೆ. ಇಲ್ಲಿ ಫಾರ್ವರ್ಡ್ ಸೀಕ್ರೆಸಿ ಇಲ್ಲ: ಬಳಕೆದಾರರ ಖಾಸಗಿ ಕೀ ಒಂದು ಸೋರಿದರೆ ಹಿಂದಿನ ಎಲ್ಲ ಸಂದೇಶ, ಅದರೊಳಗಿನ ಎಲ್ಲ ಫೈಲ್ ಕೀಗಳೂ ಸಿಗುತ್ತವೆ. ಫೈಲಿನ ಆಯಸ್ಸು ಚಿಕ್ಕದಿರಬೇಕಾದ ಜಾಗ ಇದ್ದರೆ ಅದು ಇದೇ.

ಸಿಂಪ್ಲೆಕ್ಸ್: 1 ಜಿಬಿವರೆಗಿನ ಫೈಲನ್ನು ನಿಗದಿತ ಗಾತ್ರದ ತುಂಡು ಮಾಡಿ, ರಿಲೇಗಳಲ್ಲಿ, ಅಂದರೆ ನಡುವಿನ ಸರ್ವರ್‌ಗಳಲ್ಲಿ, 48 ಗಂಟೆ ಇಡುತ್ತದೆ. ತೆಗೆದುಕೊಳ್ಳುವವರು ವಾರಾಂತ್ಯ ಊರಿಗೆ ಹೋಗಿ ಫೋನ್ ತೆರೆಯದಿದ್ದರೆ ಮತ್ತೆ ಕಳಿಸಬೇಕು.

ಮಾಸ್ಟೊಡಾನ್, ಬ್ಲೂಸ್ಕೈ: ಇಲ್ಲಿ ಫೈಲಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇಲ್ಲ. ಮಾಸ್ಟೊಡಾನ್‌ನ ಖಾಸಗಿ ಉಲ್ಲೇಖಕ್ಕೆ ಲಗತ್ತಿಸಿದ ಚಿತ್ರವನ್ನೂ ಸರ್ವರ್ ನಡೆಸುವವರು ನೋಡಬಹುದು. ಬ್ಲೂಸ್ಕೈಯ ಎಟಿ ಪ್ರೋಟೋಕಾಲ್‌ನಲ್ಲಿ ಪೋಸ್ಟಿನ ಚಿತ್ರ, ವಿಡಿಯೊ ಎಲ್ಲ ಸಾರ್ವಜನಿಕ. ಆಧಾರ್ ಪ್ರತಿ, ಖಾತಾ, ಬಾಡಿಗೆ ಕರಾರು ಇಂಥವುಗಳ ದಾರಿ ಇದಲ್ಲ.

ಪ್ರಶ್ನೆ: ಐಪಿಎಫ್‌ಎಸ್‌ನಲ್ಲಿ ಇಟ್ಟರೆ? ವಿಕೇಂದ್ರಿತ ಆ್ಯಪ್‌ಗೆ ವಿಕೇಂದ್ರಿತ ಸ್ಟೋರೇಜೇ ಸರಿಯಲ್ಲವೇ?

ಸಾರ್ವಜನಿಕ ಪೋಸ್ಟಿಗೆ ಸರಿ, ಖಾಸಗಿ ಚಾಟಿಗೆ ಬೇಡ ಎನ್ನುತ್ತೇವೆ. ಹಲವರ ಯಂತ್ರಗಳ (ನೋಡ್‌ಗಳ) ನಡುವೆ ಫೈಲ್ ಹಂಚುವ ಜಾಲವಾದ ಐಪಿಎಫ್‌ಎಸ್ ತಾನಾಗಿ ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ. ನೀವು ಎನ್‌ಕ್ರಿಪ್ಟ್ ಮಾಡಿ ಹಾಕಿದರೂ, "ಈ ಸಿಐಡಿ (ಫೈಲಿನ ಗುರುತು) ನನ್ನ ಬಳಿ ಇದೆ" ಎಂದು ನಿಮ್ಮ ನೋಡ್ ಸಾರ್ವಜನಿಕ ಡಿಎಚ್‌ಟಿಯಲ್ಲಿ, ಅಂದರೆ ಯಾರ ಬಳಿ ಏನಿದೆ ಎಂಬ ಪಟ್ಟಿಯಲ್ಲಿ, ಸಾರುತ್ತದೆ, ಅಲ್ಲಿ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಪಿನ್ ಮಾಡದ, ಅಂದರೆ ಉಳಿಸಿಕೋ ಎಂದು ಗುರುತು ಹಾಕದ, ಫೈಲ್ ಕಸ ಗುಡಿಸುವಾಗ ಹೋಗಿಬಿಡುತ್ತದೆ, ಪಿನ್ ತೆಗೆದ ಫೈಲ್ ಇನ್ನೊಬ್ಬರ ನೋಡ್‌ನಲ್ಲಿ ಉಳಿದಿರಲೂಬಹುದು. ಉಳಿಸುವುದೂ ಅಳಿಸುವುದೂ ಎರಡೂ ನಿಮ್ಮ ಕೈಯಲ್ಲಿಲ್ಲ.

ಅರ್‌ವೀವ್ ಎಂಬ ವಿಕೇಂದ್ರಿತ ಸ್ಟೋರೇಜ್ ಇನ್ನೂ ಒಂದು ಹೆಜ್ಜೆ ಮುಂದೆ. ಒಮ್ಮೆ ಹಣ ಕಟ್ಟಿದರೆ ಶಾಶ್ವತ, ಅಳಿಸುವ ವ್ಯವಸ್ಥೆಯೇ ಇಲ್ಲ. ಫೈಲಿನ ಎಇಎಸ್-256 ದಶಕಗಳು ಬಾಳಬಹುದು, ಆದರೆ ಆ ಕೀಯನ್ನು ಸುತ್ತಿ ಕಳಿಸಿದ ಎಲಿಪ್ಟಿಕ್ ಕರ್ವ್ ಗಣಿತ ಕ್ವಾಂಟಮ್ ಕಂಪ್ಯೂಟರ್ ಎದುರು ನಿಲ್ಲುವಂಥದ್ದಲ್ಲ. ಶಾಶ್ವತ ಸ್ಟೋರೇಜ್‌ಗೆ ಅಷ್ಟೇ ಶಾಶ್ವತವಾದ ಗುಟ್ಟು ಬೇಕು, ಅದನ್ನು ಯಾರೂ ಭರವಸೆ ಕೊಡಲಾರರು.

ಹಲವು ಕಡೆ ಹಂಚಿ ಇಡಲೇಬೇಕಿದ್ದರೆ ತಾಹೋ-ಎಲ್‌ಎಎಫ್‌ಎಸ್ ನೋಡಿ. ಕ್ಲೈಂಟ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿ, ಡೀಫಾಲ್ಟ್ ಆಗಿ ಫೈಲನ್ನು 10 ಪಾಲು ಮಾಡುತ್ತದೆ, ಯಾವ 3 ಸಿಕ್ಕರೂ ಮರಳಿ ಜೋಡಿಸುತ್ತದೆ. ಬೆಲೆ: 1 ಜಿಬಿಗೆ ಸುಮಾರು 3.3 ಜಿಬಿ ಜಾಗ. ಅಂದಹಾಗೆ, ಕನಿಷ್ಠ 7 ಬೇರೆ ಬೇರೆ ಸರ್ವರ್ ಇಲ್ಲದಿದ್ದರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ವಿಫಲವಾಗುತ್ತದೆ. ಮೂರು ಸರ್ವರ್ ಇಟ್ಟುಕೊಂಡು "ಕೆಲಸ ಮಾಡುತ್ತಿಲ್ಲ" ಎನ್ನುವವರು ಮೊದಲು ನೋಡಬೇಕಾದ ಸಂಖ್ಯೆ ಅದು.

ಪ್ರಶ್ನೆ: ಹಾಗಾದರೆ ಸಾಮಾನ್ಯ ಗುಂಪಿಗೆ ಏನು ಹೇಳುತ್ತೀರಿ?

ಎಸ್3 (ಅಮೆಜಾನ್‌ನ ಸ್ಟೋರೇಜ್ ಸೇವೆ) ಮಾದರಿಯ ಆಬ್ಜೆಕ್ಟ್ ಸ್ಟೋರೇಜ್, ಅದರ ಮುಂದೆ ನಿಮ್ಮ ಸರ್ವರ್, ಎನ್‌ಕ್ರಿಪ್ಷನ್ ಪೂರ್ತಿ ಫೋನ್‌ನಲ್ಲೇ. ಸ್ಟೋರೇಜ್ ಮೂಟೆ ಹೊರುವ ಹಮಾಲಿಯಂತಿರಬೇಕು, ಮೂಟೆಯಲ್ಲಿ ಏನಿದೆ ಎಂಬುದು ಅದಕ್ಕೆ ಬೇಡ.

ಬೆಂಗಳೂರಿನವರಿಗೆ ಹತ್ತಿರದ ಆಯ್ಕೆಗಳು: ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ಅಮೆಜಾನ್‌ಗೆ ಮುಂಬೈ 2016ರಿಂದ, ಹೈದರಾಬಾದ್ 2022ರಿಂದ ಇವೆ. ದೂರದ ಚಿಂತೆ ಬೇಡ. ಮುಂಬೈಗೆ ಹೋಗಿಬರಲು ತಗಲುವ ಕೆಲವೇ ಹತ್ತು ಮಿಲಿಸೆಕೆಂಡ್ ಫೈಲ್ ಇಳಿಸುವಾಗ ಗೊತ್ತೇ ಆಗದು. ನೋಡಬೇಕಾದ್ದು ಹೊರಹೋಗುವ ಡೇಟಾದ ದರ.

ಸ್ವಂತ ಯಂತ್ರದಲ್ಲೇ ಎಸ್3 ಬೇಕೆಂದರೆ ಗ್ಯಾರೇಜ್ ಎಂಬ ತಂತ್ರಾಂಶ ಚೆನ್ನಾಗಿದೆ: ಹಗುರ, ಬೇರೆ ಬೇರೆ ಮನೆಗಳಲ್ಲಿರುವ ಮೂರು ಸಣ್ಣ ಯಂತ್ರಗಳಲ್ಲಿ ಮೂರು ಪ್ರತಿ ಇಡಲೆಂದೇ ಮಾಡಿದ್ದು. ತಾಹೋದಂತೆ ಪಾಲು ಮಾಡಿ ಇಡುವ ಇರೇಷರ್ ಕೋಡಿಂಗ್ ಇಲ್ಲ, ಹಾಗಾಗಿ ಜಾಗ ಮೂರುಪಟ್ಟು ಬೇಕು. ಇದೇ ಕೆಲಸದ ಇನ್ನೊಂದು ತಂತ್ರಾಂಶ ಮಿನಿಯೋ ಬಗ್ಗೆ ಹಳೆಯ ಗೈಡ್‌ಗಳನ್ನು ನಂಬಿ ಹೊರಡಬೇಡಿ. ಅದರ ಉಚಿತ ಆವೃತ್ತಿಯ ವೆಬ್ ಕನ್ಸೋಲ್‌ನಿಂದ ಆಡಳಿತದ ಸೌಲಭ್ಯಗಳನ್ನು 2025ರಲ್ಲಿ ತೆಗೆದುಹಾಕಿದರು.

ಪ್ರಶ್ನೆ: ಎಷ್ಟು ಜಾಗ, ಎಷ್ಟು ಖರ್ಚು?

200 ಮನೆಗಳ ಒಂದು ಅಪಾರ್ಟ್‌ಮೆಂಟ್ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದಿನಕ್ಕೆ 2 ಎಂಬಿಯ 100 ಫೋಟೊ, 30 ಎಂಬಿಯ 5 ವಿಡಿಯೊ: ಒಟ್ಟು 350 ಎಂಬಿ. ತಿಂಗಳಿಗೆ 10.5 ಜಿಬಿ. 90 ದಿನ ಇಟ್ಟರೆ 31.5 ಜಿಬಿ. ಇದು ಏನೂ ಅಲ್ಲ, ಹಳೆಯ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ.

ಈಗ ಇನ್ನೊಂದು ಬದಿ ನೋಡಿ. ಆ 350 ಎಂಬಿಯನ್ನು 200 ಜನರೂ ಇಳಿಸಿಕೊಂಡರೆ ದಿನಕ್ಕೆ 70 ಜಿಬಿ, ತಿಂಗಳಿಗೆ 2.1 ಟಿಬಿ ಹೊರಹೋಗುತ್ತದೆ. ಜಿಬಿಗೆ 11 ಅಮೆರಿಕನ್ ಸೆಂಟ್‌ನಂತೆ ಹಿಡಿದರೂ 200 ಡಾಲರ್ ದಾಟುತ್ತದೆ. ಇಟ್ಟದ್ದಕ್ಕೆ ಒಂದು ಡಾಲರ್, ಕೊಟ್ಟದ್ದಕ್ಕೆ ಇನ್ನೂರು. ಹಾಗಾಗಿ ತಿಂಗಳಿಗೆ 1 ಟಿಬಿ ಹೊರಹರಿವು ಸೇರಿಸಿ ಕೊಡುವ ಯೋಜನೆ, ಅಥವಾ ಕ್ಲೌಡ್‌ಫ್ಲೇರ್ ಆರ್2ನಂತೆ ಹೊರಹರಿವಿಗೆ ಹಣ ಕೇಳದ ಸ್ಟೋರೇಜ್ ನೋಡಿ. ದರ ಬದಲಾಗುತ್ತಿರುತ್ತದೆ, ಲೆಕ್ಕದ ಕ್ರಮ ಬದಲಾಗದು.

ಹೊರಹರಿವು ತಗ್ಗಿಸಲು ಮೂರು ಉಪಾಯ. ವಿಡಿಯೊ ತಾನಾಗಿ ಇಳಿಯುವುದನ್ನು ಕ್ಲೈಂಟ್‌ನಲ್ಲಿ ನಿಲ್ಲಿಸಿ. ಸಣ್ಣ ಚಿತ್ರವನ್ನು, ಅಂದರೆ ಥಂಬ್‌ನೇಲನ್ನು, ಕಳಿಸುವ ಫೋನೇ ಮಾಡಿ ಬೇರೆ ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಏರಿಸಲಿ. ಎನ್‌ಕ್ರಿಪ್ಟ್ ಆದ ಚಿತ್ರದಿಂದ ಸರ್ವರ್ ಥಂಬ್‌ನೇಲ್ ಮಾಡಲಾರದು. ಮೂರನೆಯದು, ಎನ್‌ಕ್ರಿಪ್ಟ್ ಆದ ಬೈಟ್‌ಗಳು ಎಲ್ಲ ಸದಸ್ಯರಿಗೂ ಒಂದೇ, ಮತ್ತು ಎಂದೂ ಬದಲಾಗುವುದಿಲ್ಲ. ಆದ್ದರಿಂದ ಸರ್ವರ್ ಮುಂದೆ ಒಂದು ಕ್ಯಾಶ್ ಇಟ್ಟರೆ ಸ್ಟೋರೇಜ್‌ನಿಂದ ಒಮ್ಮೆ ತಂದದ್ದು ಇನ್ನೂರು ಜನಕ್ಕೂ ಸಾಕು.

ಪ್ರಶ್ನೆ: ಮನೆಯಲ್ಲೇ ಒಂದು ಸಣ್ಣ ಕಂಪ್ಯೂಟರ್ ಇಟ್ಟು ನಡೆಸಬಹುದೇ?

ಬಹುದು, ಮೂರು ಅಡಚಣೆ ದಾಟಿದರೆ.

ಮೊದಲನೆಯದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚುವುದು. ರೌಟರ್‌ನ ಪುಟದಲ್ಲಿ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಹೊರಗಿನಿಂದ ನಿಮ್ಮ ಮನೆಗೆ ದಾರಿಯಿಲ್ಲ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ. ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೊಳ್ಳಿ, ಅಥವಾ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ಒಂದಕ್ಕೆ ಮನೆಯಿಂದ ವೈರ್‌ಗಾರ್ಡ್ ಸುರಂಗ ಹಾಕಿ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಅದಿಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಕೂಡಲೇ ಸುರಂಗ ಮುಚ್ಚಿಕೊಳ್ಳುತ್ತದೆ. ಕ್ಲೌಡ್‌ಫ್ಲೇರ್ ಟನಲ್ ಬಳಸಿದರೆ ಉಚಿತ ಯೋಜನೆಯಲ್ಲಿ ಒಂದು ಅಪ್‌ಲೋಡ್ 100 ಎಂಬಿ ಮೀರುವಂತಿಲ್ಲ, ಮೀರಿದರೆ 413 (ಫೈಲ್ ತುಂಬ ದೊಡ್ಡದು) ದೋಷ.

ಎರಡನೆಯದು ಕರೆಂಟು. ಬೆಸ್ಕಾಂ ಮೊದಲೇ ತಿಳಿಸಿ ತೆಗೆಯುವ ಗಂಟೆಗಳಿಗಿಂತ, ಅಪಾರ್ಟ್‌ಮೆಂಟ್ ಜನರೇಟರ್ ಶುರುವಾಗುವ ಮೊದಲಿನ ಹತ್ತಿಪ್ಪತ್ತು ಸೆಕೆಂಡುಗಳೇ ಹೆಚ್ಚು ಹಾನಿ ಮಾಡುತ್ತವೆ. ಅಪ್‌ಲೋಡ್ ಅರ್ಧದಲ್ಲಿ ಕಡಿಯುತ್ತದೆ, ಅಗ್ಗದ ಎಸ್‌ಎಸ್‌ಡಿ "ಬರೆದೆ" ಎಂದು ಸುಳ್ಳು ಹೇಳಿ ಬರೆಯದೇ ಇರುತ್ತದೆ. ಕಂಪ್ಯೂಟರ್‌ಗೆ ಯುಪಿಎಸ್ ಕೊಂಡು ರೌಟರ್ ಮತ್ತು ಫೈಬರ್ ಪೆಟ್ಟಿಗೆಯನ್ನು ಮರೆಯುವುದು ಎಲ್ಲ ಮನೆಯ ಕಥೆ. ಆ ಎರಡಕ್ಕೂ 12 ವೋಲ್ಟ್ ಮಿನಿ ಯುಪಿಎಸ್ ಸಿಗುತ್ತದೆ, ಆದರೆ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿಕೊಂಡು ಕೊಳ್ಳಿ.

ಮೂರನೆಯದು, ಒಂದೇ ಡಿಸ್ಕ್. ಎನ್‌ಕ್ರಿಪ್ಟ್ ಆದ ಫೈಲಿನಲ್ಲಿ ಒಂದು ಬಿಟ್ ಕೆಟ್ಟರೂ ಕ್ಲೈಂಟ್ ಇಡೀ ಫೈಲನ್ನೋ ತುಂಡನ್ನೋ ತಿರಸ್ಕರಿಸುತ್ತದೆ. ಎನ್‌ಕ್ರಿಪ್ಟ್ ಆಗದ ಚಿತ್ರದಲ್ಲಾದರೆ ಒಂದು ಗೆರೆ ಕಾಣುತ್ತಿತ್ತು, ಅಷ್ಟೆ. ಆದ್ದರಿಂದ ಬೇರೆ ಮನೆಯಲ್ಲಿ ಎರಡನೇ ಪ್ರತಿ ಇರಲಿ. ಬೈಟ್‌ಗಳು ಮೊದಲೇ ಎನ್‌ಕ್ರಿಪ್ಟ್ ಆಗಿರುವುದರಿಂದ ಆ ಮನೆಯವರನ್ನು ಗುಟ್ಟಿನ ವಿಷಯದಲ್ಲಿ ನಂಬಬೇಕಾಗಿಲ್ಲ, ಯಂತ್ರ ಆರಿಸದಿದ್ದರೆ ಸಾಕು.

ಪ್ರಶ್ನೆ: ಆ್ಯಪ್ ನಾವೇ ಬರೆಯುತ್ತಿದ್ದೇವೆ. ಯಾವ ಸೈಫರ್, ಎಷ್ಟು ದೊಡ್ಡ ತುಂಡು?

ಪ್ರತಿ ಫೈಲಿಗೂ ಹೊಸ 32 ಬೈಟ್ ಕೀ. ಈ ಒಂದು ನಿಯಮ ಅರ್ಧ ತಲೆನೋವು ಕಳೆಯುತ್ತದೆ. "ಬಕೆಟ್‌ಗೆ (ಸ್ಟೋರೇಜ್‌ನ ಒಂದು ಡಬ್ಬಿಗೆ) ಒಂದು ಕೀ, ಪ್ರತಿ ಫೈಲಿಗೂ ಬೇರೆ ನಾನ್ಸ್ (ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ)" ಎಂದು ಮಾಡಿದರೆ ಎಇಎಸ್-ಜಿಸಿಎಂನ 12 ಬೈಟ್ ನಾನ್ಸ್ ಒಂದೇ ಒಂದು ಸಲ ಮರುಕಳಿಸಿದರೂ ಆ ಎರಡು ಫೈಲುಗಳ ಗುಟ್ಟು ಸೋರಿ, ದೃಢೀಕರಣದ ಕೀಯೂ ಹೋಗುತ್ತದೆ. ವರ್ಚುವಲ್ ಯಂತ್ರವನ್ನು ಸ್ನ್ಯಾಪ್‌ಶಾಟ್‌ನಿಂದ ಮರಳಿ ಎಬ್ಬಿಸಿದಾಗ, ಕೌಂಟರ್ ಶೂನ್ಯಕ್ಕೆ ಮರಳಿದಾಗ ಹೀಗಾಗುತ್ತದೆ.

ಇಡೀ ಫೈಲಿಗೆ ಒಂದೇ ಟ್ಯಾಗ್ (ಯಾರೂ ತಿದ್ದಿಲ್ಲ ಎಂದು ತೋರಿಸುವ ಮುದ್ರೆ) ಹಾಕಬೇಡಿ. ಬ್ರೌಸರ್‌ನ ವೆಬ್‌ಕ್ರಿಪ್ಟೊದಲ್ಲಿ ಎಇಎಸ್-ಜಿಸಿಎಂಗೆ ಸ್ಟ್ರೀಮಿಂಗ್ ಇಲ್ಲ, ಪೂರ್ತಿ ಫೈಲ್ ಮೆಮೊರಿಯಲ್ಲಿರಬೇಕು. 500 ಎಂಬಿ ವಿಡಿಯೊ ಹಾಕಿದರೆ 4 ಜಿಬಿ ರ‍್ಯಾಮ್‌ನ ಫೋನ್‌ನಲ್ಲಿ ಟ್ಯಾಬ್ ಸದ್ದಿಲ್ಲದೆ ಸಾಯುತ್ತದೆ. ಏಜ್ ಎಂಬ ಉಪಕರಣ ಮಾಡುವಂತೆ 64 ಕೆಐಬಿ (1,024 ಬೈಟ್‌ಗೆ ಒಂದು ಕೆಐಬಿ) ತುಂಡು ಮಾಡಿ, ಪ್ರತಿ ತುಂಡಿಗೂ 16 ಬೈಟ್ ಟ್ಯಾಗ್ ಹಾಕಿ. 100 ಎಂಐಬಿ ಫೈಲಿಗೆ 1,600 ತುಂಡು, ಹೆಚ್ಚುವರಿ ಹೊರೆ ಬರೀ 25,600 ಬೈಟ್. ತುಂಡಿನ ಕ್ರಮಸಂಖ್ಯೆ ನಾನ್ಸ್‌ನಲ್ಲಿರಲಿ, ಕೊನೆಯ ತುಂಡಿಗೆ "ಇದೇ ಕೊನೆ" ಎಂಬ ಗುರುತಿರಲಿ. ಆ ಗುರುತಿಲ್ಲದಿದ್ದರೆ ಸ್ಟೋರೇಜ್‌ನವರು ಫೈಲಿನ ಬಾಲ ಕತ್ತರಿಸಿ ಕೊಟ್ಟರೂ ಕ್ಲೈಂಟ್ "ಸರಿಯಿದೆ" ಎನ್ನುತ್ತದೆ. ಇದನ್ನೆಲ್ಲ ಕೈಯಾರೆ ಬರೆಯುವ ಹಟ ಬೇಡ, ಲಿಬ್‌ಸೋಡಿಯಂ ಲೈಬ್ರರಿಯ ಸೀಕ್ರೆಟ್‌ಸ್ಟ್ರೀಮ್ ಇದನ್ನೇ ಮಾಡುತ್ತದೆ.

ಎಸ್3ಗೆ ಏರಿಸುವ ತುಂಡು ಬೇರೆ ಲೆಕ್ಕ. ಅಲ್ಲಿ ಮಲ್ಟಿಪಾರ್ಟ್‌ನಲ್ಲಿ, ಅಂದರೆ ಭಾಗ ಭಾಗವಾಗಿ ಏರಿಸುವಾಗ, ಕೊನೆಯದನ್ನು ಬಿಟ್ಟು ಪ್ರತಿ ಭಾಗ ಕನಿಷ್ಠ 5 ಎಂಐಬಿ ಇರಬೇಕು. ಅಂದರೆ 64 ಕೆಐಬಿಯ 80 ತುಂಡು ಸೇರಿ ಒಂದು ಭಾಗ.

ಪ್ರಶ್ನೆ: ಒಂದೇ ಪಿಡಿಎಫ್ ನೂರು ಜನ ಕಳಿಸುತ್ತಾರೆ. ಒಂದೇ ಪ್ರತಿ ಇಟ್ಟು ಜಾಗ ಉಳಿಸಬಾರದೇ?

ಬೇಡ. ಅದಕ್ಕೆ ಫೈಲಿನ ಹ್ಯಾಶ್‌ನಿಂದಲೇ ಕೀ ಮಾಡಬೇಕಾಗುತ್ತದೆ. ಆಗ ಅದೇ ಪಿಡಿಎಫ್ ಕೈಯಲ್ಲಿರುವ ಯಾರಾದರೂ ಅದನ್ನು ಎನ್‌ಕ್ರಿಪ್ಟ್ ಮಾಡಿ ನೋಡಿ, ಯಾರ್‍ಯಾರ ಖಾತೆಯಲ್ಲಿ ಅದು ಇದೆ ಎಂದು ಖಚಿತಪಡಿಸಿಕೊಳ್ಳಬಹುದು. ಸೋರಿದ ಪ್ರಶ್ನೆಪತ್ರಿಕೆ, ಸಂಘಟನೆಯ ಕರಪತ್ರ, ಯಾವುದೇ ಇರಲಿ. ಸದಸ್ಯರೊಬ್ಬರು ಫಾರ್ವರ್ಡ್ ಮಾಡಿದಾಗ ಹಳೆಯ ವಿಳಾಸ ಮತ್ತು ಕೀಯನ್ನೇ ಕಳಿಸಿದರೆ ಜಾಗ ಬಹುಪಾಲು ಉಳಿಯುತ್ತದೆ.

ಪ್ರಶ್ನೆ: ಎನ್‌ಕ್ರಿಪ್ಟ್ ಆದಮೇಲೂ ಏನು ಸೋರುತ್ತದೆ? ಕನ್ನಡ ಫೈಲ್ ಹೆಸರಿಗೆ ಏನಾದರೂ ವಿಶೇಷ ಇದೆಯೇ?

ಗಾತ್ರ ಸೋರುತ್ತದೆ, ಸಮಯ ಸೋರುತ್ತದೆ, ಇಳಿಸಿದವರ ಐಪಿ ಸೋರುತ್ತದೆ. 18,43,207 ಬೈಟ್ ಎಂಬ ಗಾತ್ರ ಬೆರಳಚ್ಚಿನಷ್ಟೇ ಗುರುತು. ನಿಗದಿತ ಗಾತ್ರಗಳಿಗೆ ತುಂಬಿಸಿ ಏರಿಸಿ. ಪ್ಯಾಡ್‌ಮೆ ಎಂಬ ವಿಧಾನದಲ್ಲಿ ಹೆಚ್ಚುವರಿ ಹೊರೆ ಶೇ 12ನ್ನು ಮೀರುವುದಿಲ್ಲ, ಫೈಲ್ ದೊಡ್ಡದಾದಷ್ಟೂ ಇಳಿಯುತ್ತದೆ. ಫೋಟೊದೊಳಗೆ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿನ ಜಿಪಿಎಸ್ ಅನ್ನು ಎನ್‌ಕ್ರಿಪ್ಟ್ ಮಾಡುವ ಮೊದಲೇ ತೆಗೆಯಬೇಕು. ಆಮೇಲೆ ಸರ್ವರ್ ತೆಗೆಯಲಾರದು.

ಹೆಸರಿನ ವಿಷಯ ಇಂಗ್ಲಿಷ್ ಗೈಡ್‌ಗಳಲ್ಲಿ ಸಿಗದು, ನಮ್ಮಲ್ಲಿ ದಿನಾ ಕಾಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ 6 ಸಂಕೇತ, 18 ಬೈಟ್. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್, ಅಂದರೆ 85 ಸಂಕೇತ. ಹೆಸರನ್ನೂ ಎನ್‌ಕ್ರಿಪ್ಟ್ ಮಾಡಿ ಬೇಸ್64ಗೆ ತಿರುಗಿಸಿದರೆ ಮೂರಕ್ಕೆ ನಾಲ್ಕಾಗಿ ಉಬ್ಬಿ ಮಿತಿ ಇನ್ನೂ ಕುಗ್ಗುತ್ತದೆ. "ಹೆಸರು ತುಂಬ ಉದ್ದ" ಎಂಬ ದೋಷ ಕನ್ನಡ ಹೆಸರಿನ ಫೈಲಿಗೆ ಮಾತ್ರ ಬರುತ್ತಿದ್ದರೆ ಕಾರಣ ಇದು.

ಇನ್ನೊಂದು ಸೂಕ್ಷ್ಮ. ೀ, ೇ, ೈ, ೊ, ೋ ಈ ಐದು ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಬಿಡಿಸಿ ಇಡುತ್ತಿತ್ತು. ಆಗ ಅದೇ "ಸ್ತ್ರೀ" 21 ಬೈಟ್ ಆಗುತ್ತದೆ. ಕಣ್ಣಿಗೆ ಒಂದೇ, ಹ್ಯಾಶ್ ಬೇರೆ. ಹೆಸರನ್ನು ದೃಢೀಕರಣದ ಲೆಕ್ಕಕ್ಕೆ ಸೇರಿಸಿದ್ದರೆ ಫೈಲ್ ತೆರೆಯದೆ "ಯಾರೋ ತಿದ್ದಿದ್ದಾರೆ" ಎಂಬ ಎಚ್ಚರಿಕೆ ಬರುತ್ತದೆ. ಹೆಸರನ್ನು ಮೊದಲು ಎನ್‌ಎಫ್‌ಸಿ (ಇಡಿಯಾಗಿ ಬರೆಯುವ) ರೂಪಕ್ಕೆ ತನ್ನಿ. ಅದಕ್ಕಿಂತ ಒಳ್ಳೆಯದು, ಸ್ಟೋರೇಜ್‌ನಲ್ಲಿ 32 ಹೆಕ್ಸ್ ಅಕ್ಷರದ ಯಾದೃಚ್ಛಿಕ ಹೆಸರಿಟ್ಟು, ನಿಜವಾದ ಹೆಸರನ್ನು ಎನ್‌ಕ್ರಿಪ್ಟ್ ಆದ ಸಂದೇಶದೊಳಗೆ ಮಾತ್ರ ಕಳಿಸಿ.

ಪ್ರಶ್ನೆ: ದೊಡ್ಡ ಫೈಲ್ ಏರಿಸಿದರೆ 413 ಬರುತ್ತದೆ. ಮ್ಯಾಟ್ರಿಕ್ಸ್‌ನ ಸರ್ವರ್ ತಂತ್ರಾಂಶ ಸಿನಾಪ್ಸ್‌ನಲ್ಲಿ ಮಿತಿ 50 ಎಂಬಿ ಇದೆಯಲ್ಲ?

ಸಿನಾಪ್ಸ್ ಮುಂದೆ ನಿಂತ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಮಿತಿ ಡೀಫಾಲ್ಟ್ ಆಗಿ 1 ಎಂಬಿ. ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಎಂಬ ಸೆಟ್ಟಿಂಗನ್ನೂ 50 ಎಂಬಿಗೆ ಏರಿಸಿ.

ಪ್ರಶ್ನೆ: "ಎಲ್ಲರಿಗೂ ಅಳಿಸು" ಒತ್ತಿದರೆ ನಿಜಕ್ಕೂ ಅಳಿಯುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ಮತ್ತು ಹೆಚ್ಚು ಗುಂಪುಗಳು ಎಡವುವುದು ಇಲ್ಲೇ.

ಸಿನಾಪ್ಸ್‌ನಲ್ಲಿ ಸಂದೇಶ ಅಳಿಸಿದರೆ ಸಂದೇಶದ ಒಳಗಿನದು ಹೋಗುತ್ತದೆ, ಮೀಡಿಯಾ ಫೈಲ್ ಡಿಸ್ಕ್‌ನಲ್ಲೇ ಇರುತ್ತದೆ. ಮೀಡಿಯಾ ರಿಟೆನ್ಷನ್ ಸೆಟ್ಟಿಂಗ್ ನೀವಾಗಿ ಹಾಕದಿದ್ದರೆ ಏನೂ ತಾನಾಗಿ ಅಳಿಯದು. ಹಾಕಿದರೂ ಲೆಕ್ಕ ಹಿಡಿಯುವುದು ಕೊನೆಯ ಸಲ ತೆರೆದ ದಿನದಿಂದ.

ಎಸ್3 ಮಾಡ್ಯೂಲ್ ಸೇರಿಸಿದರೆ ಗೋಜಲು ಹೆಚ್ಚುತ್ತದೆ. ಆ ಮಾಡ್ಯೂಲ್‌ಗೆ ಗೊತ್ತಿರುವುದು ಇಡುವುದು, ತರುವುದು ಎರಡೇ ಕೆಲಸ. ಸಿನಾಪ್ಸ್ ಫೈಲನ್ನು ಅಳಿಸಿದರೂ ಆ ಸುದ್ದಿ ಬಕೆಟ್‌ಗೆ ತಲುಪುವುದಿಲ್ಲ. ಇತ್ತ ಎಸ್3ಗೆ ಹೋದ ಫೈಲಿನ ಪ್ರತಿ ಲೋಕಲ್ ಡಿಸ್ಕ್‌ನಲ್ಲೂ ಉಳಿಯುತ್ತದೆ. ಜೊತೆಗೆ ಬರುವ ಅಪ್‌ಲೋಡ್ ಸ್ಕ್ರಿಪ್ಟನ್ನು ಅಳಿಸುವ ಆಯ್ಕೆಯೊಂದಿಗೆ ಕ್ರಾನ್‌ನಲ್ಲಿ ಹಾಕದಿದ್ದರೆ ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುತ್ತದೆ. ಬಕೆಟ್‌ನಲ್ಲಿ ರಿಮೋಟ್ ಕಂಟೆಂಟ್ (ಬೇರೆ ಸರ್ವರ್‌ಗಳಿಂದ ಬಂದ ಫೈಲುಗಳ) ಫೋಲ್ಡರಿಗೆ ಧೈರ್ಯವಾಗಿ ಲೈಫ್‌ಸೈಕಲ್ ನಿಯಮ (ಇಷ್ಟು ದಿನದ ನಂತರ ತಾನಾಗಿ ಅಳಿಸು ಎಂಬುದು) ಹಾಕಿ, ಬೇಕಾದಾಗ ಸಿನಾಪ್ಸ್ ಮೂಲ ಸರ್ವರ್‌ನಿಂದ ಮತ್ತೆ ತರಿಸಿಕೊಳ್ಳುತ್ತದೆ. ಲೋಕಲ್ ಕಂಟೆಂಟ್‌ಗೆ ಕಣ್ಣುಮುಚ್ಚಿ ಹಾಕಬೇಡಿ, ಪ್ರೊಫೈಲ್ ಚಿತ್ರಗಳೂ ಅಲ್ಲೇ ಇರುತ್ತವೆ. ಅಲ್ಲಿ ಡೇಟಾಬೇಸ್ ಪಟ್ಟಿಯನ್ನು ಬಕೆಟ್ ಪಟ್ಟಿಯೊಂದಿಗೆ ಹೋಲಿಸಿ, ಡೇಟಾಬೇಸ್‌ನಲ್ಲಿ ಇಲ್ಲದ್ದನ್ನು ಮಾತ್ರ ಅಳಿಸುವ ಸ್ಕ್ರಿಪ್ಟ್ ಬೇಕು.

ಬಕೆಟ್‌ನಲ್ಲಿ ವರ್ಷನಿಂಗ್ ಚಾಲೂ ಇದ್ದರೆ "ಅಳಿಸಿದ" ಫೈಲ್ ಹಳೆಯ ಆವೃತ್ತಿಯಾಗಿ ಉಳಿದು ಬಾಡಿಗೆ ತಿನ್ನುತ್ತದೆ. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ಅಪ್‌ಲೋಡ್‌ಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಬಿಲ್‌ನಲ್ಲಿ ಮಾತ್ರ ಕಾಣುತ್ತವೆ. ಎರಡಕ್ಕೂ 7 ದಿನದ ಲೈಫ್‌ಸೈಕಲ್ ನಿಯಮ ಹಾಕಿ.

ಇನ್ನು ಬೇರೆ ಸರ್ವರ್‌ಗಳಿಗೆ ಹೋದ ಪ್ರತಿಗಳು ನಿಮ್ಮ ಮಾತು ಕೇಳುವುದಿಲ್ಲ. ಅಲ್ಲಿ ನಿಮಗೆ ಉಳಿಯುವ ಏಕೈಕ ಉಪಾಯ ಕೀಯನ್ನು ನಾಶಮಾಡುವುದು, ಅದೂ ತೆಗೆದುಕೊಂಡವರ ಕ್ಲೈಂಟ್ ಸಹಕರಿಸಿದರೆ ಮಾತ್ರ.

ಪ್ರಶ್ನೆ: ಗುಂಪು ಬಿಟ್ಟವರು ಹಳೆಯ ಫೈಲ್ ತೆರೆಯಬಹುದೇ?

ಕೀ ಅವರ ಫೋನ್‌ನಲ್ಲಿ ಆಗಲೇ ಇದೆ. ಸರ್ವರ್ ಅವರಿಗೆ ಬೈಟ್ ಕೊಡದಂತೆ ತಡೆಯಬಹುದು, ಇಳಿಸಿಕೊಂಡದ್ದನ್ನು ಕಸಿಯಲಾಗದು. ಹೊಸ ಫೈಲಿಗೆ ಹೊಸ ಕೀ ಹೇಗೂ ಇದೆ.

ಪ್ರಶ್ನೆ: ಫೋನ್ ಕಳೆದುಹೋಯಿತು. ಫೈಲುಗಳು ಸರ್ವರ್‌ನಲ್ಲಿವೆ, ತೆರೆಯುತ್ತಿಲ್ಲ.

ಮ್ಯಾಟ್ರಿಕ್ಸ್‌ನಲ್ಲಿ ರಿಕವರಿ ಕೀ ಬರೆದಿಟ್ಟಿದ್ದರೆ ಎಲ್ಲ ಮರಳುತ್ತದೆ. ನಾಲ್ಕು ನಾಲ್ಕು ಅಕ್ಷರಗಳ ಗುಂಪುಗಳಲ್ಲಿರುವ ಆ ಕೀಯನ್ನು ಕಾಗದದಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ. ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಚಾಟ್‌ಗೆ ಕಳಿಸಿಕೊಳ್ಳುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಒಮೆಮೊದಲ್ಲಿ ಹೊಸ ಫೋನಿಗೆ ಹಳೆಯ ಸಂದೇಶ ಬಿಡಿಸಲು ಬಾರದು, ಹಳೆಯ ಫೋನಿನ ಬ್ಯಾಕಪ್ ಬೇಕು. ಎರಡೂ ಇಲ್ಲದಿದ್ದರೆ ಸರ್ವರ್ ನಡೆಸುವವರಿಂದ ಏನೂ ಆಗದು. ಅವರನ್ನು ಬೇಡುವುದೂ ಬೇಡ, ಬೈಯುವುದೂ ಬೇಡ.

ಪ್ರಶ್ನೆ: ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎನ್‌ಕ್ರಿಪ್ಷನ್ ಬಳಸುವುದು ಅಪರಾಧವಲ್ಲ.

ಸರ್ವರ್ ನಡೆಸುವವರಿಗೆ ಹೊಣೆಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಅಡಿ ಬಿಡಿಸಿಕೊಡಲು ಆದೇಶ ಬರಬಹುದು, ನೆರವಾಗದಿದ್ದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಕೀ ನಿಮ್ಮ ಬಳಿ ಇಲ್ಲದ ವಿನ್ಯಾಸವನ್ನು ಬರಹದಲ್ಲಿ ಇಟ್ಟುಕೊಂಡಿರುವುದು ಅಂಥ ಹೊತ್ತಿನಲ್ಲಿ ವಕೀಲರಿಗೆ ಬೇಕಾಗುತ್ತದೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಇಡಲೇಬೇಕಾದ ಲಾಗ್‌ನಲ್ಲಿ ಟೋಕನ್, ಸಹಿ ಹಾಕಿದ ವಿಳಾಸ ಬರೆಯದಂತೆ ನೋಡಿಕೊಳ್ಳಿ. ಸಂದೇಶದ ಮೂಲ ಪತ್ತೆಹಚ್ಚಿ ಕೊಡಬೇಕೆಂಬ 2021ರ ನಿಯಮ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ, ಮುಖ್ಯವಾಗಿ ಸಂದೇಶ ಸೇವೆ ಕೊಡುವ ಸೋಷಿಯಲ್ ವೇದಿಕೆಗಳಿಗೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿಯಾಗುತ್ತಿವೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಮ್ಯಾಟ್ರಿಕ್ಸ್‌ನ ಕ್ಲೈಂಟ್ ಎಲಿಮೆಂಟ್ ಕೂಡ ಇತ್ತು. ಒಂದೇ ಕ್ಲೈಂಟ್‌ಗೆ ಗಂಟು ಬೀಳಬೇಡಿ. ಫೈಲ್ ಮತ್ತು ಕೀಗಳ ರೂಪ ಪ್ರೋಟೋಕಾಲ್‌ನ ಮಾನಕದಂತೆಯೇ ಇದ್ದರೆ ಬೇರೆ ಕ್ಲೈಂಟ್‌ನಿಂದಲೂ ಅವು ತೆರೆಯುತ್ತವೆ.

ಪ್ರಶ್ನೆ: ಯಾರಾದರೂ ಕೆಟ್ಟ ಫೈಲ್ ಏರಿಸಿದರೆ ನಮಗೆ ಗೊತ್ತಾಗುವುದು ಹೇಗೆ?

ಸರ್ವರ್‌ಗೆ ಗೊತ್ತಾಗದು. ದೂರು ಕೊಡುವವರ ಕ್ಲೈಂಟ್ ಆ ಒಂದು ಫೈಲಿನ ವಿಳಾಸ ಮತ್ತು ಕೀಯನ್ನು ದೂರಿನೊಂದಿಗೆ ಕಳಿಸುವಂತೆ ಮಾಡಿ. ಮಿಕ್ಕ ಫೈಲುಗಳ ಗುಟ್ಟು ಹಾಗೆಯೇ ಉಳಿಯುತ್ತದೆ. ಲಾಗಿನ್ ಇಲ್ಲದ ಅಪ್‌ಲೋಡ್ ಬೇಡವೇ ಬೇಡ, ಮತ್ತು ತಲೆಗೆ ದಿನಕ್ಕೆ ಇಷ್ಟು ಎಂಬಿ ಎಂಬ ಮಿತಿ ಇರಲಿ. ಪ್ರೊಸೊಡಿಯಲ್ಲಿ ಡೀಫಾಲ್ಟ್ 100 ಎಂಬಿ. ತೆರೆದಿಟ್ಟ ಬ್ಲಾಸಮ್ ಸರ್ವರ್ ಬೇಗನೆ ಅಪರಿಚಿತರ ಗೋದಾಮಾಗುತ್ತದೆ.

ಪ್ರಶ್ನೆ: ನಾಳೆ ಸ್ಟೋರೇಜ್ ಬದಲಿಸಬೇಕಾದರೆ?

ಕೀ ಬೇಕಾಗಿಲ್ಲ, ಬೈಟ್‌ಗಳನ್ನು ಹಾಗೇ ಸಾಗಿಸಿ. ಆರ್‌ಕ್ಲೋನ್ ಎಂಬ ಉಪಕರಣದಿಂದ ಕಾಪಿ ಮಾಡಿ, ಅದರ ಚೆಕ್ ಆಜ್ಞೆಯಿಂದ ಹೋಲಿಸಿ, ಹಳೆಯದನ್ನು ಒಂದು ತಿಂಗಳು ಓದಲು ಮಾತ್ರ ತೆರೆದಿಡಿ. ಕಷ್ಟವಿರುವುದು ವಿಳಾಸದಲ್ಲಿ. ಮ್ಯಾಟ್ರಿಕ್ಸ್ ವಿಳಾಸದಲ್ಲಿ ಇರುವುದು ನಿಮ್ಮ ಸರ್ವರ್ ಹೆಸರು, ಬಕೆಟ್ ಹೆಸರಲ್ಲ. ಆದ್ದರಿಂದ ಹಿಂದಿನ ಬಕೆಟ್ ಬದಲಾದರೂ ಚಾಟ್‌ಗೆ ಗೊತ್ತಾಗದು. ಸರ್ವರ್‌ನ ಡೊಮೇನ್ ಹೆಸರನ್ನೇ ಬದಲಿಸಿದರೆ ಮಾತ್ರ ಹಳೆಯದೆಲ್ಲ ಮುರಿಯುತ್ತದೆ. ನಾಸ್ಟರ್‌ನಲ್ಲಿ ಬಳಕೆದಾರರು ತಮ್ಮ ಬ್ಲಾಸಮ್ ಸರ್ವರ್ ಪಟ್ಟಿಯನ್ನು ಹೊಸದಾಗಿ ಪ್ರಕಟಿಸಬೇಕು, ಹ್ಯಾಶ್ ಅದೇ ಇರುವುದರಿಂದ ಕ್ಲೈಂಟ್ ಹೊಸ ಜಾಗದಲ್ಲಿ ಹುಡುಕಿಕೊಳ್ಳುತ್ತದೆ. ಎಕ್ಸ್‌ಎಂಪಿಪಿಯಲ್ಲಿ ಪೂರ್ತಿ ವಿಳಾಸ ಸಂದೇಶದೊಳಗೆ ಅಚ್ಚಾಗಿರುತ್ತದೆ, ತಿದ್ದಲು ಬಾರದು. ಅದಕ್ಕೆ ಅಪ್‌ಲೋಡ್‌ಗೆಂದೇ ಸ್ವಂತ ಸಬ್‌ಡೊಮೇನ್ ಒಂದನ್ನು ಮೊದಲ ದಿನವೇ ಇಟ್ಟುಕೊಳ್ಳಿ. ಆಯಸ್ಸು ಒಂದು ವಾರ ಇಟ್ಟಿದ್ದರೆ ಸಾಗಿಸುವ ಕೆಲಸವೂ ಇಲ್ಲ: ಹೊಸ ಅಪ್‌ಲೋಡ್‌ಗಳನ್ನು ಹೊಸ ಜಾಗಕ್ಕೆ ತಿರುಗಿಸಿ, ಎಂಟನೇ ದಿನ ಹಳೆಯದನ್ನು ಮುಚ್ಚಿ.